ಎಡಚನ ಎದುರು ನಿಂತವರು

ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಮಹಡಿಗೆ ಹತ್ತುವ ಮೆಟ್ಟಿಲಿನ ಕೆಳಗೆ, ಬೀಗ ರಿಪೇರಿ ಮಾಡುವವರೊಬ್ಬರ ಅಂಗಡಿಯಿತ್ತು. ಅಂಗಡಿಯೆಂದರೆ ಒಬ್ಬರು ಕೂತು ಇನ್ನೊಬ್ಬರು ತಲೆ ತಗ್ಗಿಸಿ ನಿಲ್ಲುವಷ್ಟು ಜಾಗ. ಗೋಡೆಯ ತುಂಬ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಗಳು ತೂಗುತ್ತಿದ್ದವು. ಮಹಡಿಯ ಮೇಲೆ ಒಬ್ಬ ಹಲ್ಲಿನ ಡಾಕ್ಟರಿದ್ದರು. ಮೇಲೆಯೂ ಹಲ್ಲಿನ ಕೆಲಸ, ಕೆಳಗೂ ಹಲ್ಲಿನ ಕೆಲಸ, ಕೆಳಗಿನವರ ಹತ್ತಿರ ನೋವಿಲ್ಲ ಅಷ್ಟೇ ಎಂದು ಪಕ್ಕದ ಚಪ್ಪಲಿ ರಿಪೇರಿಯವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಜನ ಅವರನ್ನು ಬೀಗದವರು ಎಂದೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ದಪ್ಪ ಕುತ್ತಿಗೆ, ಒಂದು ಕಡೆಗೆ ವಾಲಿದ ಮೂಗು. ಮೂಗಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಬಾಗಿಲು ಬಡಿಯಿತು ಎನ್ನುತ್ತಿದ್ದರು. ಬೀಗದ ಕೆಲಸ ಮಾಡುವವರಿಗೆ ಬಾಗಿಲು ಬಡಿಯದೆ ಇನ್ನೇನು ಬಡಿಯಬೇಕು ಎಂದು ಕೇಳಿದವರು ಸುಮ್ಮನಾಗುತ್ತಿದ್ದರು.

ಬಡಿದದ್ದು ಬಾಗಿಲಲ್ಲ. ಇಪ್ಪತ್ತರ ಪ್ರಾಯದಲ್ಲಿ ಅವರು ಕೆಲವು ವರ್ಷ ಬಾಕ್ಸಿಂಗ್ ಆಡಿದ್ದರು. ಒಟ್ಟು ಹನ್ನೊಂದು ಪಂದ್ಯ. ಏಟು ತಪ್ಪಿಸಿಕೊಳ್ಳಬೇಕಾದರೆ ಕಾಲು ಆಡಬೇಕು. ಇವರ ಕಾಲು ಆಡುತ್ತಿರಲಿಲ್ಲ. ನಿಂತಲ್ಲೇ ನಿಂತು ಹೊಡೆಸಿಕೊಂಡು, ಎದುರಿನವನು ದಣಿದ ಮೇಲೆ ಹೊಡೆಯುವುದೇ ಇವರ ಆಟ. ಅದಕ್ಕೇ ಜೊತೆಯವರು ಇವರಿಗೆ ಗೂಟ ಎಂದು ಹೆಸರಿಟ್ಟಿದ್ದರು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಹತ್ತು ಪಂದ್ಯಗಳಲ್ಲಿ ಗೂಟ ಒಮ್ಮೆಯೂ ನೆಲ ಹಿಡಿದಿರಲಿಲ್ಲ. ಕೊನೆಯ ಪಂದ್ಯಕ್ಕೆ ಅವರನ್ನು ಕರೆದದ್ದು ಬೇರೊಬ್ಬನಿಗೆ ಜ್ವರ ಬಂತೆಂದು. ಎದುರಿಗಿದ್ದವನು ಯಾರಿಗೂ ಗೊತ್ತಿಲ್ಲದ ಒಬ್ಬ ಎಡಗೈ ಹುಡುಗ. ನಾಲ್ಕನೇ ರೌಂಡಿನಲ್ಲಿ ಆ ಹುಡುಗ ಗೂಟವನ್ನು ಕಿತ್ತುಹಾಕಿದ. ಕಣ್ಣು ಬಿಟ್ಟಾಗ ಇವರು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲಿದ್ದರು, ಯಾರೋ ಮುಖಕ್ಕೆ ಒದ್ದೆ ಬಟ್ಟೆ ಒತ್ತುತ್ತಿದ್ದರು. ಆಗ ಅವರಿಗೆ ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಮನೆಗೆ ಬಂದ ಮುಖವನ್ನು ನೋಡಿ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ಇನ್ನು ಸಾಕು ಎಂದಷ್ಟೇ ಹೇಳಿದರು. ಬೀಗದ ಅಂಗಡಿ ಹೆಂಡತಿಯ ಅಣ್ಣನದು; ಇವರು ಅಲ್ಲಿ ಕೂತು ಕೆಲಸ ಕಲಿತರು, ಭಾವ ಕಾಲವಾದ ಮೇಲೆ ತಾವೇ ನಡೆಸಿಕೊಂಡು ಬಂದರು.

ಆ ಎಡಗೈ ಹುಡುಗ ಮುಂದೆ ಜಗತ್ತೇ ಬಲ್ಲ ಚಾಂಪಿಯನ್ ಆದ. ಅವನಿಗೆ ಪತ್ರಿಕೆಯವರು ಎಷ್ಟೋ ದೊಡ್ಡ ದೊಡ್ಡ ಬಿರುದು ಕೊಟ್ಟರೂ ಜನರ ಬಾಯಲ್ಲಿ ಉಳಿದದ್ದು ಎಡಚ ಎಂಬ ಒಂದೇ ಹೆಸರು. ಬೀಗದವರು ಅವನ ಬಗ್ಗೆ ಎಲ್ಲೂ ತುಟಿ ಬಿಚ್ಚಲಿಲ್ಲ. ಅಪ್ಪ ಹಿಂದೆ ಏನೋ ಸ್ವಲ್ಪ ಆಡುತ್ತಿದ್ದರಂತೆ ಎನ್ನುವುದರ ಆಚೆಗೆ ಮಗಳಿಗೂ ಗೊತ್ತಿರಲಿಲ್ಲ.

ಎಡಚ ಸತ್ತ ಸುದ್ದಿ ಬಂದ ವಾರ ಊರೆಲ್ಲ ಅದೇ ಮಾತು. ಬೀಗದವರ ಅಂಗಡಿಯ ಮುಂದೆ ಕೀಲಿಗಾಗಿ ಕಾಯುತ್ತ ನಿಂತವರು ಎಡಚನನ್ನು ಎಲ್ಲ ಕಾಲದ ಬಾಕ್ಸರುಗಳ ಸಾಲಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಜಗಳವಾಡುತ್ತಿದ್ದರು. ಅವನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎಂದು ಶಾಲೆಯ ಜವಾನ ಹೇಳಿದರೆ, ಹೊಡೆಯಬೇಕಾದವರನ್ನು ಬಿಟ್ಟು ಹೊಡೆಸಿಕೊಳ್ಳುವವರನ್ನೇ ಆರಿಸಿಕೊಂಡ ಎಂದು ಬ್ಯಾಂಕಿನ ಕಾವಲುಗಾರ ಹೇಳುತ್ತಿದ್ದ. ಹಳಬರು ತಮ್ಮ ಕಾಲದ ಒಬ್ಬ ಹಳೆಯ ಚಾಂಪಿಯನ್ನನ ಹೆಸರೆತ್ತುತ್ತಿದ್ದರು. ಅವನು ಮುರಿದ ಕೈಯಲ್ಲಿ ಹದಿನೈದು ರೌಂಡ್ ಆಡಿದವನು, ಅವನ ಮುಂದೆ ಇವನೆಲ್ಲಿ ಎನ್ನುತ್ತಿದ್ದರು. ಆ ಕಾಲದವನನ್ನೂ ಈ ಕಾಲದವನನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅವರ ಬಾಯನ್ನು ಎರಡೂ ಕಡೆಯವರು ಸೇರಿ ಮುಚ್ಚಿಸುತ್ತಿದ್ದರು. ಬೀಗದವರು ತಲೆ ಬಗ್ಗಿಸಿ ಅರ ಉಜ್ಜುತ್ತಿದ್ದರು. ನೀವೇನಂತೀರಿ ಎಂದರೆ, ನನಗೆ ಅದೆಲ್ಲ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಎಡಚನಿಗೆ ಮೊದಲ ಸ್ಥಾನವೋ ಇಪ್ಪತ್ತನೆಯದೋ, ಅವರಿಗೆ ಅದರ ಚಿಂತೆಯಿರಲಿಲ್ಲ. ಅವರ ಎದೆಯಲ್ಲಿ ಕೂತದ್ದು ಗಿರಾಕಿಯೊಬ್ಬರು ಬಿಟ್ಟುಹೋದ ಪತ್ರಿಕೆಯಲ್ಲಿ ಓದಿದ ನಾಲ್ಕು ಸಾಲು. ಕೊನೆಯ ವರ್ಷಗಳಲ್ಲಿ ಎಡಚನ ಕೈ ವಿಪರೀತ ನಡುಗುತ್ತಿತ್ತು, ಚಮಚ ಹಿಡಿಯಲಾಗುತ್ತಿರಲಿಲ್ಲ, ಹೆಂಡತಿಯೇ ಊಟ ಮಾಡಿಸುತ್ತಿದ್ದಳು, ಇದೆಲ್ಲ ತಲೆಗೆ ತಿಂದ ಏಟಿನ ಫಲ ಎಂದು ಅದರಲ್ಲಿತ್ತು. ಬೀಗದವರು ಪತ್ರಿಕೆಯನ್ನು ಮಡಿಸಿ ತಮ್ಮ ಬಲಗೈ ನೋಡಿಕೊಂಡರು. ಕೆಲವು ತಿಂಗಳಿಂದ ಆ ಕೈ ಅವರ ಮಾತು ಕೇಳುತ್ತಿರಲಿಲ್ಲ. ಸಣ್ಣ ಬೀಗದೊಳಗಿನ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವಾಗ ಬೆರಳು ಅದುರುತ್ತಿತ್ತು. ಮೊನ್ನೆ ಒಬ್ಬರ ಬೀರುವಿನ ಕೀಲಿ ಒಂದು ಹಲ್ಲು ಹೆಚ್ಚು ಉಜ್ಜಿಹೋಗಿ ಮತ್ತೆ ಮಾಡಬೇಕಾಯಿತು. ಹೊಡೆದು ಹೊಡೆದು ಗೆದ್ದವನ ಗತಿಯೇ ಹೀಗಾದರೆ, ನಿಂತಲ್ಲೇ ನಿಂತು ಹೊಡೆಸಿಕೊಂಡವನ ಗತಿ ಏನು? ಈ ಪ್ರಶ್ನೆ ಅವರನ್ನು ಅಂಗಡಿಯಲ್ಲೂ ಬಿಡಲಿಲ್ಲ, ಮನೆಯಲ್ಲೂ ಬಿಡಲಿಲ್ಲ. ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದರು. ಚಳಿ ಅಲ್ಲವಾ ಎನ್ನುತ್ತಿದ್ದರು.

ಅದೇ ಹೊತ್ತಿಗೆ ಮಗಳ ಮದುವೆಯ ಮಾತು ಬಂತು. ಮಗಳು ಕೊರಿಯರ್ ಕಚೇರಿಯಲ್ಲಿ ಪಾರ್ಸಲ್ ತೂಗುವ ಕೆಲಸದಲ್ಲಿದ್ದಳು. ಅವಳೇ ಮೆಚ್ಚಿಕೊಂಡ ಹುಡುಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮೆದು ಮಾತಿನವನು. ಹುಡುಗನ ಅಪ್ಪ ಬಸ್ ಕಂಪನಿಯಲ್ಲಿ ವೇಳಾಪಟ್ಟಿ ತಯಾರಿಸುವ ಕೆಲಸ ಮಾಡಿ ನಿವೃತ್ತರಾದವರು, ಮನೆಯಲ್ಲೂ ಗಡಿಯಾರದ ಮುಳ್ಳಿನ ಮೇಲೆಯೇ ನಡೆಯುವವರು. ಎರಡು ಮನೆಯವರು ಭೇಟಿಯಾಗಲೆಂದು ಹುಡುಗನ ಮನೆಯವರು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರು. ಸುದ್ದಿ ತಿಳಿದ ಚಪ್ಪಲಿಯವನು, ಇಷ್ಟು ವರ್ಷ ಬೀಗದವರಾಗಿದ್ದಿರಿ, ಇನ್ನು ಬೀಗರೂ ಆಗ್ತೀರಿ ಎಂದು ಬಾಯ್ತುಂಬ ನಕ್ಕ.

ಬೀಗದವರಿಗೆ ನಗು ಬರಲಿಲ್ಲ. ಹಿಂದಿನ ದಿನ ಮಗಳು ಒಂದು ಮಾತು ಹೇಳಿದ್ದಳು. ಹುಡುಗನ ಅಪ್ಪನಿಗೆ ಬಾಕ್ಸಿಂಗ್ ಹುಚ್ಚಂತೆ, ಹಳೆಯ ಚಾಂಪಿಯನ್ನನ ಭಕ್ತರಂತೆ. ಎಡಚನನ್ನು ಕಂಡರೆ ಆಗದಂತೆ. ಊಟದ ಮರುವಾರದ ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಎಡಚನ ಸ್ಥಾನದ ಬಗ್ಗೆ ಚರ್ಚೆ ಇಟ್ಟಿದ್ದಾರೆ, ಅದರಲ್ಲಿ ಇವರೂ ಮಾತಾಡುತ್ತಾರೆ. ಆ ವಿಷಯ ತೆಗೆದರೆ ನೀವು ಸುಮ್ಮನೆ ಹೂಂ ಅನ್ನಿ ಅಪ್ಪ, ಎದುರು ಮಾತಾಡಬೇಡಿ ಎಂದು ಅವಳು ಬೇಡಿಕೊಂಡಳು. ಬೀಗದವರು ಆಗಲೇ ಹೂಂ ಎಂದರು.

ಊಟದ ಕೋಣೆ ಚಿಕ್ಕದಾಗಿತ್ತು. ಮೇಜಿಗೆ ಹೊಸ ಹಾಸು ಹಾಸಿದ್ದರು, ಕುರ್ಚಿಗಳಲ್ಲಿ ಎರಡು ಪಕ್ಕದ ಮನೆಯಿಂದ ತಂದದ್ದೆಂದು ನೋಡಿದರೇ ತಿಳಿಯುತ್ತಿತ್ತು. ವೇಳಾಪಟ್ಟಿಯವರು ಮೊದಮೊದಲು ಮದುವೆಯ ಮಾತನ್ನೇ ಆಡಿದರು. ಬಡಿಸುವ ಹೊತ್ತಿಗೆ ಪಕ್ಕದ ಮನೆಯ ರೇಡಿಯೋದಲ್ಲಿ ಎಡಚನ ಹೆಸರು ಕೇಳಿಸಿತು, ಅಲ್ಲಿಗೆ ಮುಗಿಯಿತು. ಅವರು ಬೆರಳು ಮಡಿಸುತ್ತ ತಮ್ಮ ಹತ್ತು ಜನ ಮಹಾನ್ ಬಾಕ್ಸರುಗಳ ಹೆಸರು ಹೇಳಿದರು. ಹತ್ತು ಬೆರಳು ಮುಗಿದರೂ ಎಡಚ ಬರಲಿಲ್ಲ. ಯಾಕೆಂದು ಅವರೇ ವಿವರಿಸಿದರು. ಬಾಕ್ಸರ್ ದೊಡ್ಡವನೋ ಅಲ್ಲವೋ ಎಂಬುದು ಅವನು ಎಷ್ಟು ಗೆದ್ದ ಎಂಬುದರಿಂದಲ್ಲ, ಯಾರನ್ನು ಗೆದ್ದ ಎಂಬುದರಿಂದ ತೀರ್ಮಾನವಾಗಬೇಕು. ಎಡಚನ ಮೊದಲ ಹದಿನೈದಿಪ್ಪತ್ತು ಗೆಲುವುಗಳೆಲ್ಲ ಹೊಟ್ಟಿನ ಮೂಟೆಗಳ ಮೇಲಿನ ಗೆಲುವು.

ಬೀಗದವರು ಹೂಂ ಎಂದರು. ಮೇಜಿನ ಕೆಳಗೆ ಹೆಂಡತಿ ಅವರ ಪಾದದ ಮೇಲೆ ತಮ್ಮ ಪಾದವಿಟ್ಟು ಮೆಲ್ಲನೆ ಒತ್ತಿದರು. ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ವೇಳಾಪಟ್ಟಿಯವರಿಗೆ ಉತ್ಸಾಹ ಬಂದಿತ್ತು. "ಒಂದು ಉದಾಹರಣೆ ಹೇಳ್ತೀನಿ ಕೇಳಿ," ಎಂದರು. "ಗೂಟ ಅಂತ ಒಬ್ಬ ಇದ್ದ. ಹೆಸರೇ ಗೂಟ. ನಾನು ಆ ಪಂದ್ಯದ ಫಿಲ್ಮ್ ನೋಡಿದೀನಿ. ಕೈ ಎತ್ತೋಕೂ ಬರಲ್ಲ, ಸರಿದು ನಿಲ್ಲೋಕೂ ಬರಲ್ಲ. ಅವನನ್ನ ಬಸ್‌ಸ್ಟಾಪಿನಿಂದ ಎಳ್ಕೊಂಡು ಬಂದು ನಿಲ್ಲಿಸಿರ್ಬೇಕು. ಅಂಥವನನ್ನ ಬೀಳಿಸಿ ಚಾಂಪಿಯನ್ ಆಗೋದಾದ್ರೆ ನಾನೂ ಆಗಬಹುದಿತ್ತು."

ಬೀಗದವರು ನೀರಿನ ಲೋಟಕ್ಕೆ ಕೈ ಚಾಚಿದವರು ಹಾಗೇ ನಿಲ್ಲಿಸಿದರು. ಈ ಕೈಯನ್ನು ಈಗ ಮೇಜಿನ ಮೇಲೆ ಎತ್ತಿದರೆ ಎಲ್ಲರಿಗೂ ಕಾಣುತ್ತದೆ ಎಂಬುದೊಂದೇ ಅವರ ತಲೆಯಲ್ಲಿತ್ತು. ಮೂಟೆ, ಗೂಟ ಎಂದದ್ದು ಅವರಿಗೆ ಅಷ್ಟು ನಾಟಲೂ ಇಲ್ಲ. ಅದು ನಿಜವಿರಬಹುದೆಂದು ಅವರು ಎಂದೋ ಒಪ್ಪಿಕೊಂಡಿದ್ದರು. ಹೂಂ ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಅವರ ಹೆಂಡತಿ ಮಾತಾಡಿದರು. ಆಕೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು, ಹೊಸಬರ ಮುಂದೆ ಹೆಚ್ಚು ಮಾತಾಡುವವರಲ್ಲ. ಬಾಕ್ಸಿಂಗ್ ಎಂಬ ಮಾತನ್ನು ಮನೆಯಲ್ಲಿ ಇಷ್ಟು ವರ್ಷ ಆಡಗೊಡದವರೂ ಆಕೆಯೇ.

"ಬಸ್‌ಸ್ಟಾಪಿನಿಂದ ಅಲ್ಲ," ಎಂದರು ಆಕೆ, ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ. "ನಮ್ಮ ಮನೆಯಿಂದ ಹೋಗಿದ್ರು. ನಾನೇ ಊಟ ಬಡಿಸಿ ಕಳಿಸಿದ್ದೆ. ಆ ಗೂಟ ಇವರೇ."

ವೇಳಾಪಟ್ಟಿಯವರು ಬೀಗದವರ ಮೂಗನ್ನೂ ಕುತ್ತಿಗೆಯನ್ನೂ ಈಗ ತಾನೇ ಕಂಡವರಂತೆ ನೋಡಿದರು. ಮುಖ ಬಿಳಿಚಿಕೊಂಡಿತು. ಕ್ಷಮಿಸಬೇಕು ಎಂದರು, ನನ್ನ ನಾಲಿಗೆಗೆ ಹಿಡಿತವಿಲ್ಲ ಎಂದರು, ಎದ್ದು ನಿಂತು ಮತ್ತೆ ಕೂತರು. ಬೀಗದವರು ಅವರ ಪಾಡು ನೋಡಲಾಗದೆ, ಬಿಡಿ, ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ, ಕಾಲು ನಿಜವಾಗಿಯೂ ಆಡುತ್ತಿರಲಿಲ್ಲ ಎಂದು ಸಮಾಧಾನ ಹೇಳಿದರು. ಹೇಳುತ್ತ ಹೇಳುತ್ತ ಮೈಮರೆತು ಲೋಟ ಎತ್ತಿಕೊಂಡರು. ನೀರು ತುಳುಕಿ ಹೊಸ ಹಾಸಿನ ಮೇಲೆ ಚೆಲ್ಲಿತು.

ಅಲ್ಲಿಯವರೆಗೆ ಬಡಿಸುವುದರಲ್ಲೇ ಇದ್ದ ಹುಡುಗನ ತಾಯಿ ಬಟ್ಟೆ ತಂದು ನೀರನ್ನು ಒರೆಸಿದರು. ಒರೆಸಿ, ಅವರ ಪಕ್ಕದಲ್ಲೇ ನಿಂತು ತಗ್ಗಿದ ದನಿಯಲ್ಲಿ ಕೇಳಿದರು:

"ಕೈ ಹೀಗೆ ಎಷ್ಟು ದಿನದಿಂದ ನಡುಗ್ತಿದೆ?"

ಬೀಗದವರು ಚಳಿ ಎನ್ನಲು ಹೊರಟರು. ಕಿಟಕಿಯ ಹೊರಗೆ ಸುಡುವ ಬಿಸಿಲಿತ್ತು.

ಆಕೆ ಒತ್ತಾಯ ಮಾಡಲಿಲ್ಲ. ನಮ್ಮ ತಂದೆಗೂ ನಡುಗುತ್ತಿತ್ತು, ಹಾಗೇ ಎಂಬತ್ತು ದಾಟಿದರು, ಆದರೂ ಒಮ್ಮೆ ನರಗಳ ಡಾಕ್ಟರಿಗೆ ತೋರಿಸಿಬಿಡಿ ಎಂದು ಹೇಳಿ ಒಳಗೆ ಹೋದರು. ಮಗಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಮದುವೆಯ ಮಾತು ಆಮೇಲೆ ಹೇಗೋ ಮುಗಿಯಿತು, ಎರಡೂ ಕಡೆಯವರು ಒಪ್ಪಿದರು, ಆದರೆ ಏನು ಮಾತಾಯಿತೆಂದು ಬೀಗದವರಿಗೆ ನೆನಪೇ ಉಳಿಯಲಿಲ್ಲ.

ಮಗಳು ಸಂಜೆಯವರೆಗೆ ಅಲ್ಲೇ ಉಳಿದಳು. ಗಂಡ ಹೆಂಡತಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಹೊರಟರು. ಕೈ ನಡುಗಿದ್ದನ್ನು ಕಂಡು ಹೆಂಡತಿಗೆ ಆಶ್ಚರ್ಯವಾಗಿರಲಿಲ್ಲ ಎಂಬುದು ಬೀಗದವರಿಗೆ ಆಗ ಹೊಳೆಯಿತು.

"ನಿಂಗೆ ಯಾವಾಗಿಂದ ಗೊತ್ತು?"

"ನೀವು ಲೇಸಿನ ಬೂಟು ಬಿಟ್ಟು ಚಪ್ಪಲಿ ಹಾಕೋಕೆ ಶುರು ಮಾಡಿದಾಗಿಂದ."

"ಮತ್ತೆ ಕೇಳ್ಲೇ ಇಲ್ಲ?"

"ಕೇಳಿದ್ರೆ ನೀವು ಹೌದು ಅಂದ್ಬಿಟ್ರೆ ಅಂತ ಭಯ," ಎಂದು ಆಕೆ ಕಿಟಕಿಯ ಕಡೆ ತಿರುಗಿದರು.

ಮರುದಿನವೇ ಆಸ್ಪತ್ರೆಯಲ್ಲಿ ಹೆಸರು ಬರೆಸಿದರು. ನರಗಳ ಡಾಕ್ಟರು ವಾರಕ್ಕೊಮ್ಮೆ ಬರುವವರು. ಸರತಿ ಸಿಕ್ಕಿದ್ದು ಚರ್ಚೆಯ ಮರುದಿನಕ್ಕೆ. ಆ ವಾರ ಹೇಗೆ ಕಳೆಯಿತೆಂದು ಆ ಮನೆಯವರಿಗೇ ಗೊತ್ತು. ಬೀಗದವರು ಅಂಗಡಿ ತೆರೆಯುತ್ತಿದ್ದರು, ಆದರೆ ಸಣ್ಣ ಬೀಗ ತಂದವರನ್ನು ನಾಳೆ ಬನ್ನಿ ಎಂದು ಹಿಂದೆ ಕಳಿಸುತ್ತಿದ್ದರು. ಮೆಟ್ಟಿಲ ಮೇಲೆ ಯಾರಾದರೂ ಜೋರಾಗಿ ಇಳಿದರೆ ಬೆಚ್ಚುತ್ತಿದ್ದರು. ಮಾತಾಡುವಾಗ ಒಂದು ಹೆಸರು ನೆನಪಾಗದಿದ್ದರೆ ಸಾಕು, ಎಲ್ಲ ಮಾತು ನಿಲ್ಲಿಸಿ ಅದನ್ನೇ ಹುಡುಕುತ್ತ ಕೂರುತ್ತಿದ್ದರು. ಹೆಂಡತಿ ಲಾಂಡ್ರಿಯಲ್ಲಿ ಯಾರದೋ ಬಿಳಿಯ ಅಂಗಿ ಸುಟ್ಟುಹಾಕಿ ಮಾಲೀಕರಿಂದ ಬೈಸಿಕೊಂಡರು. ಆಕೆಯ ಕೈಯಲ್ಲಿ ಅಂಗಿ ಸುಟ್ಟದ್ದು ಅದೇ ಮೊದಲು.

ವಾರದ ನಡುವೆ ವೇಳಾಪಟ್ಟಿಯವರು ಅಂಗಡಿಗೆ ಬಂದರು. ಕೈಯಲ್ಲಿ ಕೆಡದೇ ಇದ್ದ ಒಂದು ಬೀಗ, ನೆಪಕ್ಕೆ. ತಲೆ ತಗ್ಗಿಸಿ ನಿಂತು, ಬೀಗರೇ, ಒಂದು ಉಪಕಾರ ಆಗಬೇಕು ಎಂದರು. ಚರ್ಚೆಗೆ ನೀವು ಬರಬೇಕು, ಎಡಚನ ಎದುರು ನಿಂತವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ನನ್ನ ಕಡೆಗೇ ಮಾತಾಡಿ ಎಂದು ಕೇಳುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೀಗದವರು ಆಗುವುದಿಲ್ಲ ಎಂದರು. ಸಂಜೆ ಹೆಂಡತಿಗೆ ಈ ವಿಷಯ ಹೇಳಿದಾಗ ಆಕೆ, ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಹೋಗೋಣ, ಸೋಮವಾರ ಬೇಗ ಬರುತ್ತದೆ ಎಂದರು.

ಭಾನುವಾರ ಸಭಾಂಗಣ ತುಂಬಿತ್ತು. ಎಡಚನ ಪರ ಮಾತಾಡಿದವರು ಅವನು ಎಷ್ಟು ವರ್ಷ ಪಟ್ಟ ಉಳಿಸಿಕೊಂಡ, ತನಗಿಂತ ಭಾರದವರನ್ನು ಹೇಗೆ ಗೆದ್ದ ಎಂದು ವರ್ಣಿಸಿದರು. ವೇಳಾಪಟ್ಟಿಯವರ ಸರದಿ ಬಂದಾಗ ಅವರು ತಮ್ಮ ವಾದವನ್ನು ಬಿಟ್ಟುಕೊಡಲಿಲ್ಲ. ಎಡಚ ತನ್ನ ಕಾಲದ ಒಬ್ಬ ಗಟ್ಟಿ ಎದುರಾಳಿಯನ್ನು ವರ್ಷಗಟ್ಟಲೆ ತಪ್ಪಿಸಿಕೊಂಡು ತಿರುಗಿದ, ಅವನಿಗೆ ವಯಸ್ಸಾದ ಮೇಲೆ ಹೊಡೆದು ಹೆಸರು ಮಾಡಿದ. ಇಂಥವನನ್ನು ಹತ್ತರೊಳಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ ಎಂದರು. ಮೊದಲ ವರ್ಷಗಳ ಎದುರಾಳಿಗಳ ಪ್ರಸ್ತಾಪಕ್ಕೆ ಬಂದಾಗ ಒಂದು ಕ್ಷಣ ತಡವರಿಸಿ, ಅವರಲ್ಲಿ ಒಬ್ಬರು ಇಲ್ಲೇ ಇದ್ದಾರೆ, ಅವರೇ ಹೇಳಲಿ ಎಂದು ಕೂತುಬಿಟ್ಟರು.

ಬೀಗದವರು ಎದ್ದು ನಿಂತರು. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು.

"ನಾನು ಹನ್ನೊಂದು ಜನರ ಎದುರು ನಿಂತಿದೀನಿ," ಎಂದರು. "ಹತ್ತು ಜನಕ್ಕೆ ನನ್ನನ್ನ ಬೀಳ್ಸೋಕೆ ಆಗ್ಲಿಲ್ಲ. ಅವನಿಗೆ ಆಯ್ತು. ನನ್ನ ಲೆಕ್ಕದಲ್ಲಿ ಅವನೇ ಮೊದಲು. ಆದ್ರೆ ನನ್ನ ಲೆಕ್ಕದಲ್ಲಿ ಇರೋದೇ ಹನ್ನೊಂದು ಜನ."

ಸಭೆ ನಕ್ಕಿತು. ಅವರಿಗೆ ತುಸು ಧೈರ್ಯ ಬಂತು. ಅವನು ಒಳ್ಳೆಯ ಮನುಷ್ಯನಾಗಿದ್ದನೇ ಎಂದು ಯಾರೋ ಕೇಳಿದರು. ಅದು ಗೊತ್ತಿಲ್ಲ ಎಂದರು ಬೀಗದವರು. ಎರಡನೇ ರೌಂಡಿನಲ್ಲಿ ನನ್ನ ಹುಬ್ಬು ಒಡೆಯಿತು, ಆಮೇಲೆ ಅವನು ಬೇರೆಲ್ಲೂ ಹೊಡೆಯಲಿಲ್ಲ, ಅಲ್ಲಿಗೇ ಹೊಡೆದ. ಸಿಟ್ಟು ಬರಲಿಲ್ಲವೇ ಎಂದು ಇನ್ನೊಬ್ಬರು ಕೇಳಿದ್ದಕ್ಕೆ, ನಾನಾಗಿದ್ದರೂ ಅಲ್ಲಿಗೇ ಹೊಡೆಯುತ್ತಿದ್ದೆ, ನನಗೆ ಅವನ ಹುಬ್ಬು ಸಿಗಲಿಲ್ಲ ಎಂದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಕೊನೆಗೆ ಅವನ ಕೈ ನಡುಗಿ, ತನ್ನ ಹೆಸರೂ ಮರೆತುಹೋಗಿ ಸತ್ತನಲ್ಲ, ಆ ಸಾವನ್ನು ಈ ಲೆಕ್ಕದಲ್ಲಿ ಎಲ್ಲಿಡುತ್ತೀರಿ, ನಿಮಗೆ ಆ ಭಯವಿಲ್ಲವೇ ಎಂದು ನೇರವಾಗಿ ಬೀಗದವರನ್ನೇ ಕೇಳಿದಳು. ಅವಳ ದನಿಯಲ್ಲಿ ಕೆಡುಕಿರಲಿಲ್ಲ, ಕೇಳಬೇಕಾದ ಪ್ರಶ್ನೆಯೇ ಅದು. ಹೆಸರು ಮರೆತದ್ದನ್ನು ಬೀಗದವರು ಎಲ್ಲೂ ಓದಿರಲಿಲ್ಲ. ಜೇಬಿನೊಳಗೆ ಕೈ ಮುಷ್ಟಿಯಾಗಿ ಹೋಯಿತು. ಅವರು ಹೆಂಡತಿಯ ಕಡೆ ನೋಡಿದರು; ಆಕೆ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. ಸಭೆ ಕಾಯುತ್ತಿತ್ತು.

ವೇಳಾಪಟ್ಟಿಯವರು ಎದ್ದು ಬಂದು ಅವರ ಪಕ್ಕ ನಿಂತರು.

"ಇವರು ಆ ಪಂದ್ಯಕ್ಕೆ ಸಾಕ್ಷಿ, ಅವನ ಕಾಯಿಲೆಗಲ್ಲ," ಎಂದರು. "ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು, ಟಿಕೆಟ್ ತಗೊಂಡು ನೋಡಿದವರು."

ಹಾಗೆಂದವರು ಉತ್ತರವನ್ನೇನೂ ಹೇಳಲಿಲ್ಲ. ಬೀಗದವರ ತೋಳು ಹಿಡಿದು ಕರೆತಂದು ಹೆಂಡತಿಯ ಪಕ್ಕ ಕೂರಿಸಿದರು. ಚರ್ಚೆ ಮುಂದುವರಿಯಿತು. ಕೊನೆಗೆ ಕೈ ಎತ್ತಿಸಿ ಎಣಿಸಿದಾಗ ಎಡಚನಿಗೆ ಮೂರನೆಯ ಸ್ಥಾನ ಸಿಕ್ಕಿತಂತೆ. ಅದನ್ನು ಕೇಳಲು ಗಂಡ ಹೆಂಡತಿ ಅಲ್ಲಿರಲಿಲ್ಲ.

ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯದನ್ನೆಲ್ಲ ಕೇಳಿದರು. ಎಷ್ಟು ಪಂದ್ಯ, ಎಷ್ಟು ಸಲ ಎಚ್ಚರ ತಪ್ಪಿತ್ತು, ಮರೆವು ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲು ಹೇಳಿದರು. ಅರ್ಧ ಮೇಜಿನ ಮೇಲೆ ಬಿತ್ತು. ಕಾಗದದ ಮೇಲೆ ಸುರುಳಿ ಬರೆಸಿದರು, ಗೆರೆಯೆಲ್ಲ ಅಲೆಅಲೆ. ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಲು ಹೇಳಿ ಬಹಳ ಹೊತ್ತು ನೋಡಿದರು. ಕೈ ಅಲುಗಲಿಲ್ಲ. ಕಾರಿಡಾರಿನ ಉದ್ದಕ್ಕೂ ನಡೆಸಿ ನೋಡಿದರು.

ಕೈ ಸುಮ್ಮನಿದ್ದಾಗ ನಡುಗುತ್ತಿಲ್ಲ, ಕೆಲಸ ಹಿಡಿದಾಗ ಮಾತ್ರ ನಡುಗುತ್ತಿದೆ, ನೀವು ಹೆದರಿದ ಕಾಯಿಲೆ ಸಾಮಾನ್ಯವಾಗಿ ಹೀಗಿರುವುದಿಲ್ಲ, ಅದರಲ್ಲಿ ಸುಮ್ಮನಿಟ್ಟ ಕೈಯೇ ಹೆಚ್ಚಾಗಿ ನಡುಗುತ್ತದೆ ಎಂದರು ಡಾಕ್ಟರು. ವಯಸ್ಸಾದ ಎಷ್ಟೋ ಜನರಿಗೆ ಬರುವ ನಡುಕ ಇದು, ಮಾತ್ರೆಯಲ್ಲಿ ಸ್ವಲ್ಪ ಹತೋಟಿಗೆ ಬರುತ್ತದೆ. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಬೀಗದವರು ಮಾತ್ರ, ಹಾಗಾದರೆ ಆ ಕಾಯಿಲೆ ಬರುವುದೇ ಇಲ್ಲವೇ ಎಂದು ಕೇಳಿದರು. ಡಾಕ್ಟರು ಸುಳ್ಳು ಹೇಳುವವರಾಗಿರಲಿಲ್ಲ. ತಲೆಗೆ ಅಷ್ಟು ಏಟು ತಿಂದವರ ವಿಷಯದಲ್ಲಿ ಬರುವುದೇ ಇಲ್ಲ ಎಂದು ಹೇಳಲಾಗುವುದಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು.

ಮದುವೆ ಸರಳವಾಗಿ ನಡೆಯಿತು. ಬೀಗದವರು ಸಣ್ಣ ಬೀಗಗಳ ಕೆಲಸ ಬಿಟ್ಟು, ದೊಡ್ಡ ಬಾಗಿಲು, ಗೇಟು, ಶಟರುಗಳ ಕೆಲಸವನ್ನಷ್ಟೇ ಇಟ್ಟುಕೊಂಡರು. ಮಾತ್ರೆಯಿಂದ ಲೋಟ ಒಂದೇ ಕೈಯಲ್ಲಿ ನಿಲ್ಲುವಷ್ಟಾಯಿತು. ವೇಳಾಪಟ್ಟಿಯವರು ವಾರಕ್ಕೆರಡು ಸಲವಾದರೂ ಅಂಗಡಿಗೆ ಬಂದು, ಮೆಟ್ಟಿಲ ಕೆಳಗೆ ಬೆನ್ನು ಬಗ್ಗಿಸಿ ನಿಂತು ಗಿರಾಕಿಗಳೊಂದಿಗೆ ವಾದ ಹೂಡುತ್ತಾರೆ. ಎಡಚನನ್ನು ಅವರು ಹನ್ನೆರಡನೆಯ ಸ್ಥಾನದವರೆಗೆ ತಂದಿದ್ದಾರೆ, ಅದಕ್ಕಿಂತ ಮೇಲೆ ಏರಿಸಲು ಒಪ್ಪುತ್ತಿಲ್ಲ.

ದಿನಾ ಬೆಳಗ್ಗೆ ಎಚ್ಚರವಾದ ಕೂಡಲೇ ಬೀಗದವರು ಮಲಗಿದಲ್ಲೇ ಎರಡೂ ಕೈಗಳನ್ನು ಹೊದಿಕೆಯ ಮೇಲೆ ಚಾಚಿ, ಉಸಿರು ಬಿಗಿಹಿಡಿದು ನೋಡುತ್ತಾರೆ. ಪಕ್ಕದಲ್ಲಿ ಹೆಂಡತಿ ಕಣ್ಣು ತೆರೆಯದೆಯೇ ಕೇಳುತ್ತಾರೆ:

"ಹೇಗಿದೆ?"

"ಸುಮ್ಮನಿದೆ."

ಆಮೇಲೆ ಆಕೆ ಎದ್ದು ಚಹಾಕ್ಕೆ ನೀರಿಡುತ್ತಾರೆ.